ಫ್ಯಾಕ್ಸ್ ಮೆಷಿನ್ ಇಲ್ಲದೆ ಫ್ಯಾಕ್ಸ್ ಕಳಿಸುವುದು ಹೇಗೆ?

ಬೆಂಗಳೂರಿನಲ್ಲೇ ಕೂತು ಅಮೆರಿಕದ ಡೆಲವೇರ್‌ನಲ್ಲಿ ಕಂಪನಿ ನೋಂದಾಯಿಸುವವರು ಈಗ ಬಹಳ ಮಂದಿ ಇದ್ದಾರೆ. ನೋಂದಣಿಯೆಲ್ಲ ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಬ್ಯಾಂಕ್ ಖಾತೆ ತೆರೆಯಲು ಹೋದಾಗ ಮಾತ್ರ ‘ಇಐಎನ್ ಕೊಡಿ’ ಅನ್ನುತ್ತಾರೆ. ಅದು ಅಲ್ಲಿನ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಕಂಪನಿಗೆ ಕೊಡುವ 9 ಅಂಕಿಯ ಸಂಖ್ಯೆ. ನಮ್ಮ ಪ್ಯಾನ್ ಇದ್ದ ಹಾಗೆ.

ಅಮೆರಿಕದಲ್ಲಿ ನೆಲೆಸಿ, ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ವ್ಯಕ್ತಿಗಳಿಗೆ ಕೊಡುವ ಗುರುತಿನ ಸಂಖ್ಯೆ) ಇಟ್ಟುಕೊಂಡವರು ಇದನ್ನು ವೆಬ್‌ಸೈಟಿನಲ್ಲೇ ಪಡೆಯಬಹುದು. ಇಲ್ಲಿರುವ ನಮ್ಮವರಿಗೆ ಆ ದಾರಿ ಇಲ್ಲ. ಎಸ್‌ಎಸ್-4 ಎಂಬ ಫಾರಂ ತುಂಬಿ ಫ್ಯಾಕ್ಸ್ ಮಾಡಬೇಕು, ಇಲ್ಲವೇ ಅಂಚೆಗೆ ಹಾಕಬೇಕು. ಅಂಚೆಯಲ್ಲಿ ಸುಮಾರು 4 ವಾರ, ಫ್ಯಾಕ್ಸಿನಲ್ಲಿ 4 ಕೆಲಸದ ದಿನ ಎಂದು ಇಲಾಖೆ ಹೇಳುತ್ತದೆ. ಕೆಲವೊಮ್ಮೆ ಜಾಸ್ತಿಯೂ ಆಗುತ್ತದೆ, ಆದರೂ ಫ್ಯಾಕ್ಸೇ ಬೇಗ.

ಒಂದು ಕಾಲದಲ್ಲಿ ಊರಿನ ಎಸ್‌ಟಿಡಿ ಬೂತ್‌ಗೆ ಹೋದರೆ ಆಗುತ್ತಿತ್ತು. ಈಗ ಬೂತೂ ಇಲ್ಲ, ಮೆಷಿನ್ನೂ ಇಲ್ಲ. ಹಾಗಾಗಿ ಈ ಒಂದು ಕೆಲಸಕ್ಕೆ ಮಧ್ಯವರ್ತಿಗಳಿಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೊಡುವವರನ್ನು ನೋಡಿದ್ದೇನೆ. ಇಐಎನ್‌ಗೆ ಇಲಾಖೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಫ್ಯಾಕ್ಸನ್ನು ನೀವೇ ನಿಮ್ಮ ಇಮೇಲ್‌ನಿಂದ ಕಳಿಸಬಹುದು.

ನಡುವೆ ಏನಾಗುತ್ತದೆ?

ಆನ್‌ಲೈನ್ ಫ್ಯಾಕ್ಸ್ ಕಂಪನಿಗೆ ನೀವು ಇಮೇಲ್ ಕಳಿಸುತ್ತೀರಿ. ಅವರ ಸರ್ವರ್ ನಿಮ್ಮ ಪಿಡಿಎಫ್ ಅನ್ನು ಕಪ್ಪು-ಬಿಳಿ ಚಿತ್ರವಾಗಿ ಬದಲಿಸುತ್ತದೆ. ಆಮೇಲೆ ಆ ಕಡೆಯ ನಂಬರಿಗೆ ಫೋನ್ ಮಾಡಿ, ಮೆಷಿನ್ನು ಮೆಷಿನ್ನಿನ ಜೊತೆ ಮಾತಾಡುವ ಹಾಗೆ ಪುಟಗಳನ್ನು ದಾಟಿಸುತ್ತದೆ. ಹಳೇ ಫ್ಯಾಕ್ಸಿನ ನಿಯಮಗಳೇ ಇಲ್ಲೂ ನಡೆಯುತ್ತವೆ. ಒಂದು ಸಾಲಿಗೆ 1728 ಚುಕ್ಕಿ. ಮಾಮೂಲಿ ಗುಣಮಟ್ಟದಲ್ಲಿ ಒಂದು ಇಂಚಿಗೆ 98 ಸಾಲು, ‘ಫೈನ್’ ಆರಿಸಿದರೆ 196. ಪ್ರತಿ ಚುಕ್ಕಿಯೂ ಒಂದೋ ಕಪ್ಪು, ಇಲ್ಲವೇ ಬಿಳಿ. ನಡುವಿನ ಬಣ್ಣ ಅಂತ ಯಾವುದೂ ಇಲ್ಲ. ಇದು ತಲೆಯಲ್ಲಿದ್ದರೆ ಅರ್ಧ ತೊಂದರೆ ಕಡಿಮೆ.

1. ಸೇವೆ ಆರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಕಳಿಸುವುದರ ಬಗ್ಗೆಯೇ ಯೋಚಿಸುತ್ತೇವೆ, ಉತ್ತರ ಎಲ್ಲಿಗೆ ಬರುತ್ತದೆ ಎಂದು ಯೋಚಿಸುವುದಿಲ್ಲ. ಐಆರ್‌ಎಸ್ ಇಐಎನ್ ಅನ್ನು ಇಮೇಲ್ ಮಾಡುವುದಿಲ್ಲ. ಫಾರಂನಲ್ಲಿ ನೀವು ಬರೆದ ಫ್ಯಾಕ್ಸ್ ನಂಬರಿಗೆ ವಾಪಸ್ ಫ್ಯಾಕ್ಸ್ ಮಾಡುತ್ತದೆ. ಹಾಗಾಗಿ ನಿಮ್ಮದೇ ಒಂದು ನಂಬರ್ ಬೇಕು.

ಫ್ಯಾಕ್ಸ್‌ಝೀರೋದಂತಹ ಉಚಿತ ಸೇವೆ ಅಮೆರಿಕ, ಕೆನಡಾಗಳಿಗೆ ಒಂದು ಸಲಕ್ಕೆ 3 ಪುಟ ಮತ್ತು ಕವರ್ ಪೇಜ್ (ಯಾರಿಂದ, ಯಾರಿಗೆ ಎಂದು ತಿಳಿಸುವ ಮೊದಲ ಪುಟ) ಕಳಿಸಿಕೊಡುತ್ತದೆ. ಸುಮ್ನೆ ಒಂದು ಪತ್ರ ತಲುಪಿಸಲು ಅಷ್ಟು ಸಾಕು. ನಮ್ಮ ಕೆಲಸಕ್ಕೆ ಸಾಲದು, ಏಕೆಂದರೆ ಅದರಲ್ಲಿ ಫ್ಯಾಕ್ಸ್ ಬರುವುದಿಲ್ಲ. ಇಫ್ಯಾಕ್ಸ್, ಫ್ಯಾಕ್ಸ್ ಡಾಟ್ ಪ್ಲಸ್‌ನಂತಹ ಕಂಪನಿಗಳು ತಿಂಗಳ ಬಾಡಿಗೆಗೆ ಅಮೆರಿಕದ ನಂಬರನ್ನೇ ಕೊಡುತ್ತವೆ. ವರ್ಷದ ಪ್ಲಾನ್ ಬೇಡ, ತಿಂಗಳದ್ದು ತಗೊಳ್ಳಿ. ರದ್ದು ಮಾಡುವುದು ಹೇಗೆ ಎಂದು ಸೇರುವ ಮೊದಲೇ ಓದಿಕೊಳ್ಳಿ.

2. ಕಾಗದ ಸಿದ್ಧ ಮಾಡುವುದು

ಎಸ್‌ಎಸ್-4 ಫಾರಂ ಐಆರ್‌ಎಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲೇ ತುಂಬಿ. ಆಮೇಲೆ ಪ್ರಿಂಟ್ ತೆಗೆದು ಕಪ್ಪು ಶಾಯಿಯಲ್ಲಿ ಸಹಿ ಹಾಕಿ. ತೆಳುವಾದ ನೀಲಿ ಪೆನ್ನು, ಪೆನ್ಸಿಲ್ಲು ಆ ಕಡೆ ಮಾಯವಾಗಿಬಿಡಬಹುದು. ಸಹಿಯ ಹತ್ತಿರವೇ ಫ್ಯಾಕ್ಸ್ ನಂಬರಿಗೆ ಜಾಗ ಇದೆ. ಬಾಡಿಗೆಗೆ ಪಡೆದ ನಂಬರನ್ನು ಅಲ್ಲಿ ತಪ್ಪದೆ ಬರೆಯಿರಿ.

ಈಗ ಸ್ಕ್ಯಾನ್. ನನ್ನ ಸ್ನೇಹಿತರೊಬ್ಬರು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ಫೋಟೋ ತೆಗೆದು ಹಾಗೇ ಕಳಿಸಿದ್ದರು. ಕೈಯ ನೆರಳು ಪುಟದ ಮೇಲೆ ಬಿದ್ದಿತ್ತು. ಕಣ್ಣಿಗೆ ಅದು ತಿಳಿ ಬೂದು. ಫ್ಯಾಕ್ಸಿನಲ್ಲಿ ಪುಟದ ಅರ್ಧ ಭಾಗ ಕಪ್ಪಗಾಯಿತು. ಸರ್ಕಾರಿ ಕೆಲಸದಲ್ಲಿ ಹೀಗಾದರೆ ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ನೀವು ಕಾಯುತ್ತಲೇ ಇರುತ್ತೀರಿ. ಆದ್ದರಿಂದ ಝೆರಾಕ್ಸ್ ಅಂಗಡಿಗೆ ಹೋಗಿ ಸ್ಕ್ಯಾನರ್‌ನಲ್ಲೇ ಮಾಡಿಸಿ, ಇಲ್ಲವೇ ಮೊಬೈಲಿನ ಸ್ಕ್ಯಾನ್ ಆ್ಯಪ್‌ನಲ್ಲಿ ಹಗಲು ಬೆಳಕಿಗೆ ತೆಗೆದು ‘ಕಪ್ಪು-ಬಿಳಿ’ ಆಯ್ಕೆ ಒತ್ತಿ. ಆ ಪಿಡಿಎಫ್ ಅನ್ನು ತೆರೆದು ನೋಡಿ. ಅಲ್ಲಿ ಓದಲು ಕಷ್ಟವಾದ ಅಕ್ಷರ ಐಆರ್‌ಎಸ್ ಗುಮಾಸ್ತರಿಗೆ ಸುಲಭವಾಗುತ್ತದೆಯೇ, ಹೇಳಿ?

ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಬೇಡಿ, ಸರ್ವರ್‌ಗೆ ತೆರೆಯಲು ಆಗುವುದಿಲ್ಲ. ಇರಲಿ ಅಂತ ಪಾಸ್‌ಪೋರ್ಟ್ ಪ್ರತಿ, ಆಧಾರ್ ಸೇರಿಸುವುದೂ ಬೇಡ. ಕೇಳಿರುವುದು ಫಾರಂ ಮಾತ್ರ.

3. ವಿಳಾಸ ಬರೆಯುವುದು

ಇಮೇಲಿನ ‘ಟು’ ಜಾಗದಲ್ಲಿ ಫ್ಯಾಕ್ಸ್ ನಂಬರೇ ವಿಳಾಸದ ಮೊದಲ ಭಾಗ. ಅದಾದ ಮೇಲೆ @ ಗುರುತು, ಆಮೇಲೆ ಫ್ಯಾಕ್ಸ್ ಕಂಪನಿ ಹೇಳಿದ ಹೆಸರು. ಅಮೆರಿಕದ ಹೊರಗಿನಿಂದ ಎಸ್‌ಎಸ್-4 ಕಳಿಸುವವರಿಗೆ ಇಲಾಖೆ ಕೊಟ್ಟಿರುವ ನಂಬರ್ 304-707-9471. ಕಳಿಸುವ ದಿನ ಅದನ್ನು ಐಆರ್‌ಎಸ್ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅಡ್ಡಗೆರೆ ತೆಗೆದು, ಮುಂದೆ ದೇಶದ ಕೋಡ್ 1 ಸೇರಿಸಿದರೆ 13047079471 ಆಗುತ್ತದೆ. 00 ಬೇಡ, ನಡುವೆ ಖಾಲಿ ಜಾಗವೂ ಬೇಡ. (ಬೆಂಗಳೂರಿನ ನಂಬರಿಗೆ ಕಳಿಸುವುದಾದರೆ 080 ರ ಸೊನ್ನೆ ಬಿಟ್ಟು 9180 ಎಂದು ಶುರು ಮಾಡಬೇಕು.)

ಖಾತೆ ತೆರೆಯುವಾಗ ಕೊಟ್ಟ ಇಮೇಲ್‌ನಿಂದಲೇ ಕಳಿಸಿ. ಬೇರೆ ವಿಳಾಸದಿಂದ ಹೋದರೆ ಸರ್ವರ್ ಅದನ್ನು ತಗೊಳ್ಳುವುದಿಲ್ಲ. ಪಿಡಿಎಫ್ ಅಟ್ಯಾಚ್ ಮಾಡಿ. ಇಮೇಲಿನಲ್ಲಿ ಬರೆದದ್ದು ಬಹಳ ಸೇವೆಗಳಲ್ಲಿ ಕವರ್ ಪೇಜ್ ಆಗುತ್ತದೆ. ಕಂಪನಿಯ ಹೆಸರು, ಒಟ್ಟು ಪುಟ, ನಿಮ್ಮ ಫ್ಯಾಕ್ಸ್ ನಂಬರ್ ಇಷ್ಟಿದ್ದರೆ ಸಾಕು. ಕೆಳಗೆ ತಾನಾಗಿ ಸೇರಿಕೊಳ್ಳುವ ಲೋಗೋ, ಹುದ್ದೆ, ಮೊಬೈಲ್ ನಂಬರ್‌ಗಳನ್ನು ಅಳಿಸಿ. ಆ ಲೋಗೋ ಒಂದೊಂದು ಸಲ ಬೇರೆಯೇ ಪುಟವಾಗಿ ಹೋಗುತ್ತದೆ.

4. ಕಳಿಸಿದ ಮೇಲೆ

ಸ್ವಲ್ಪ ಹೊತ್ತಿನಲ್ಲಿ ಇಮೇಲಿಗೆ ವರದಿ ಬರುತ್ತದೆ. ಆ ಕಡೆ ಲೈನ್ ಬ್ಯುಸಿ ಇದ್ದರೆ ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ವರದಿಯಲ್ಲಿ ಪುಟಗಳ ಸಂಖ್ಯೆ ನೋಡಿ. ಕವರ್ ಸೇರಿ 2 ಪುಟ ಕಳಿಸಿ, ಅಲ್ಲಿ 1 ಎಂದಿದ್ದರೆ ಫಾರಂ ಹೋಗಿಲ್ಲ.

ಯಶಸ್ವಿ ಎಂದು ಬಂದರೆ ಆ ಕಡೆಯ ಮೆಷಿನ್ ಪುಟ ತಗೊಂಡಿದೆ ಎಂದಷ್ಟೇ ಅರ್ಥ. ಯಾರೋ ಓದಿದ್ದಾರೆ ಎಂದಲ್ಲ. ಎರಡು ದಿನ ಕಳೆದರೂ ಉತ್ತರವಿಲ್ಲ ಅಂತ ಗಾಬರಿಯಾಗಿ ಮತ್ತೆ ಕಳಿಸಲು ಮನಸ್ಸಾಗುತ್ತದೆ, ಅಲ್ವಾ? ದಯವಿಟ್ಟು ಬೇಡ. ಒಂದೇ ಕಂಪನಿಗೆ ಎರಡು ಇಐಎನ್ ಬಂದರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು. ಫ್ಯಾಕ್ಸ್ ಮತ್ತು ಅಂಚೆ ಎರಡನ್ನೂ ಮಾಡುವುದೂ ಇದೇ ಕಾರಣಕ್ಕೆ ತಪ್ಪು. ಅರ್ಜಿಗೆ ಒಂದೇ ದಾರಿ ಹಿಡಿಯಿರಿ ಎಂದು ಇಲಾಖೆಯೂ ಹೇಳುತ್ತದೆ.

ಉತ್ತರದ ಫ್ಯಾಕ್ಸ್ ಪಿಡಿಎಫ್ ಆಗಿ ನಿಮ್ಮ ಇಮೇಲಿಗೇ ಬರುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ದಿನಾ ನೋಡಿ. ಬಂದ ಕೂಡಲೇ ಎರಡು ಕಡೆ ಉಳಿಸಿಕೊಳ್ಳಿ, ಒಂದು ಪ್ರಿಂಟ್ ತೆಗೆಯಿರಿ. ಅಲ್ಲಿಯವರೆಗೆ ನಂಬರಿನ ಬಾಡಿಗೆ ನಿಲ್ಲಿಸಬೇಡಿ. ಬಿಟ್ಟ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಕೊಡಬಹುದು, ಆಗ ನಿಮ್ಮ ಇಐಎನ್ ಹೊತ್ತ ಕಾಗದ ಅವರ ಕೈಸೇರುತ್ತದೆ. ಎಲ್ಲ ಕೈಗೆ ಬಂದ ಮೇಲೆ ಫ್ಯಾಕ್ಸ್ ಖಾತೆಯಲ್ಲಿ ಉಳಿದಿರುವ ಪ್ರತಿಗಳನ್ನು ಅಳಿಸಿ, ಆಮೇಲೆ ರದ್ದು ಮಾಡಿ.