ಕೈಹಿಡಿತದ ಬಲ ಅಳೆದು ಮೈಕಟ್ಟಿನೊಂದಿಗೆ ತಾಳೆ ನೋಡುವ ಬಗೆ

ಮಂಡ್ಯದ ಹಳ್ಳಿಗಳ ಆರೋಗ್ಯ ತಪಾಸಣೆಯಲ್ಲಿ ಡೈನಮೋಮೀಟರನ್ನು, ಅಂದರೆ ಕೈಹಿಡಿತದ ಬಲ ಅಳೆಯುವ ಯಂತ್ರವನ್ನು, ಮೇಜಿನ ಮೇಲಿಟ್ಟರೆ ಸಾಕು, ದಢೂತಿ ಆಳುಗಳೇ ಮೊದಲು ಮುಂದೆ ಬರುತ್ತಾರೆ. ಅವರ ಹಿಂದೆ ನಿಂತಿದ್ದ, ವರ್ಷಗಟ್ಟಲೆ ಕಬ್ಬು ಕಡಿದು ಅಂಗೈ ಜಡ್ಡುಗಟ್ಟಿದ ಸಣಕಲು ಮನುಷ್ಯನೊಬ್ಬ ಅವರಲ್ಲಿ ಹಲವರಿಗಿಂತ ಮುಳ್ಳನ್ನು ಮುಂದಕ್ಕೆ ತಳ್ಳಿದಾಗ, ಯಂತ್ರವೇ ಕೆಟ್ಟಿದೆಯೆಂದು ದೂರುವವರನ್ನೂ ನಾನು ಕಂಡಿದ್ದೇನೆ. ತೂಕ ನೋಡಿ ಬಲವನ್ನು ಊಹಿಸುವ ಈ ಅಭ್ಯಾಸವನ್ನು ಅಳೆಯುವವರು ಮೊದಲು ಬಿಡಬೇಕು.

ಅಳತೆಗೆ ಬಂದವರನ್ನು ಪಾದಗಳು ನೆಲಕ್ಕೆ ತಾಗುವಂತೆ, ಬೆನ್ನಾನಿಕೆಯುಳ್ಳ ಕುರ್ಚಿಯಲ್ಲಿ ಕೂರಿಸಿ. ತೋಳು ಪಕ್ಕೆಗೆ ಹತ್ತಿರವಿರಲಿ, ಮೊಣಕೈ 90 ಡಿಗ್ರಿ ಮಡಿದಿರಲಿ, ಹೆಬ್ಬೆರಳು ಮೇಲ್ಮುಖವಾಗಿರಲಿ. ಹಿಡಿಕೆಯ ಅಗಲವನ್ನು ಹೊಂದಿಸಲು 5 ಹಂತಗಳಿರುವ ಯಂತ್ರವಾದರೆ ಸಾಮಾನ್ಯವಾಗಿ 2ನೇ ಹಂತಕ್ಕೆ ಹೊಂದಿಸಿ, ಎಲ್ಲರಿಗೂ ಅದನ್ನೇ ಉಳಿಸಿಕೊಳ್ಳಿ. ಉಂಗುರ ತೆಗೆಸಿ, ಒಮ್ಮೆಲೇ ಜಗ್ಗದೆ ಬಲವನ್ನು ಏರಿಸುತ್ತಾ ಪೂರ್ತಿ ಒತ್ತಲು ಹೇಳಿ, ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಪ್ರತಿ ಕೈಯಲ್ಲಿ 3 ಸಲ ಅಳೆದು, ಹೆಚ್ಚಿನದನ್ನು ಬರೆದುಕೊಳ್ಳಿ. ಮಣಿಕಟ್ಟಿಗೆ ಇತ್ತೀಚೆಗೆ ಪೆಟ್ಟಾಗಿದ್ದರೆ ಆ ಕೈಯನ್ನು ಅಳೆಯಬೇಡಿ.

ಇನ್ನು ಮೈಕಟ್ಟಿನ ಅಳತೆ. ಎತ್ತರ, ತೂಕ, ಸೊಂಟದ ಸುತ್ತಳತೆಗಳ ಜೊತೆಗೆ ಬಹಳಷ್ಟು ಜನ ಮರೆಯುವ ಮುಂಗೈ ಸುತ್ತಳತೆಯನ್ನೂ ತೆಗೆದುಕೊಳ್ಳಬೇಕು: ಕೈ ಸಡಿಲವಾಗಿ ಇಳಿಬಿಟ್ಟಿರುವಾಗ ಮೊಣಕೈ ಕೆಳಗೆ ಅತಿ ದಪ್ಪವಿರುವ ಕಡೆ ಟೇಪನ್ನು ಬಿಗಿಯದೆ ಸುತ್ತಿ. ಮುಷ್ಟಿ ಬಿಗಿದು ಇನ್ನೊಂದು ಕೈಯಿಂದ ಮುಂಗೈಯನ್ನು ಮುಟ್ಟಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ; ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ, ಅಂಗೈಗೆ ಬರುವುದು ಅವುಗಳನ್ನು ಮೂಳೆಗೆ ಕಟ್ಟುವ ಹುರಿಯಂಥ ಸ್ನಾಯುರಜ್ಜು ಮಾತ್ರ. ಸ್ನಾಯು ದಪ್ಪವಿದ್ದಷ್ಟೂ ಬಲ ಹೆಚ್ಚು, ಕೊಬ್ಬಾದರೋ ತೂಕ ಕೂಡಿಸುತ್ತದೆಯೇ ಹೊರತು ಸಂಕುಚಿಸುವುದಿಲ್ಲ. ಆದ್ದರಿಂದಲೇ ಎತ್ತರ, ಅಂಗೈಯ ಉದ್ದ, ಮುಂಗೈಯ ದಪ್ಪ ಇವು ಹಿಡಿತದೊಂದಿಗೆ ಚೆನ್ನಾಗಿ ಹೊಂದಿಕೊಂಡು ಹೋಗುವಾಗ ಬಿಎಂಐ (ತೂಕವನ್ನು ಎತ್ತರಕ್ಕೆ ಹೋಲಿಸುವ ಲೆಕ್ಕ) ಅಷ್ಟಾಗಿ ಹೊಂದುವುದಿಲ್ಲ. ಮೈಸೂರಿನ ಗರಡಿ ಮನೆಯಲ್ಲಿ ಗದೆ ತಿರುಗಿಸುವ ಪೈಲ್ವಾನನಿಗೂ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹೊಟ್ಟೆ ಬೆಳೆಸಿದವನಿಗೂ ಬಿಎಂಐ ಒಂದೇ ಬರಬಹುದು. ಟೇಪು ಅವರಿಬ್ಬರನ್ನು ಬೇರ್ಪಡಿಸುತ್ತದೆ. ಹಿಡಿತದ ಬಲದ ಬೇರು ಬಾಲ್ಯಕ್ಕೂ ಚಾಚಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು 9ನೇ ವಯಸ್ಸಿನಲ್ಲಿ ಅಳೆದಾಗ, ಹುಟ್ಟುವಾಗ ಹೆಚ್ಚು ತೂಕವಿದ್ದವರ ಹಿಡಿತ ಹೆಚ್ಚು ಗಟ್ಟಿಯಾಗಿತ್ತು.

ಅಂಕಿಯನ್ನು ಓದುವಾಗ ಗಂಡಸರನ್ನು ಗಂಡಸರೊಂದಿಗೆ, ಹೆಂಗಸರನ್ನು ಹೆಂಗಸರೊಂದಿಗೆ, ಸರಿಸುಮಾರು ಅದೇ ವಯಸ್ಸು ಮತ್ತು ಎತ್ತರದವರೊಂದಿಗೆ ಮಾತ್ರ ಹೋಲಿಸಿ. ಹಿಡಿತ ಮೂವತ್ತರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ನಡುವಯಸ್ಸು ದಾಟಿದ ಮೇಲೆ ಇಳಿಯುತ್ತದೆ. ರೂಢಿಯ ಕೈ ಇನ್ನೊಂದಕ್ಕಿಂತ ಸ್ವಲ್ಪ ಬಲವಾಗಿರುವುದು ಸಹಜ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದಂತೆ ವಯಸ್ಸಾದವರ ಪೈಕಿ ಗಂಡಸರಲ್ಲಿ 28 ಕೆ.ಜಿ.ಗಿಂತ, ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಬಂದರೆ ಅದನ್ನು ದುರ್ಬಲ ಹಿಡಿತವೆಂದು ಎಣಿಸಿ ವೈದ್ಯರಿಗೆ ತೋರಿಸಬೇಕು. ಕುಳ್ಳಗಿನ, ಸಣ್ಣ ಅಂಗೈಯ ಅಜ್ಜಿಯೊಬ್ಬರಿಗೆ 17 ಬಂದರೆ ಗಾಬರಿಪಡಿಸದೆ, ಕುರ್ಚಿಯಿಂದ ಕೈಯೂರದೆ ಏಳುತ್ತಾರೆಯೇ, ತುಂಬಿದ ಬಿಂದಿಗೆ ಎತ್ತುತ್ತಾರೆಯೇ ಎಂದು ವಿಚಾರಿಸಿ ಅದನ್ನೂ ಬರೆದಿಡಿ. ಆರು ತಿಂಗಳ ನಂತರ ಅದೇ ಯಂತ್ರದಲ್ಲಿ, ಅದೇ ಹಂತದಲ್ಲಿ, ಅದೇ ಭಂಗಿಯಲ್ಲಿ ಮತ್ತೆ ಅಳೆಯಿರಿ.