ವರ್ಷನ್ ರೆಪೊದಲ್ಲಿ, ಪ್ರಾಕ್ಸಿ ಮಷೀನಿನಲ್ಲಿ

ನಮ್ಮ ತಂಡದ ಡೆವಲಪರ್‌ಗಳ ಮಷೀನ್ ಸೆಟಪ್ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ: ಸಾಫ್ಟ್‌ವೇರ್ ವರ್ಷನ್ ಪ್ರಾಜೆಕ್ಟಿಗೆ ಸೇರಿದ್ದು, ನೆಟ್‌ವರ್ಕ್ ಸೆಟ್ಟಿಂಗ್ ಮಷೀನಿಗೆ ಸೇರಿದ್ದು. ಇವೆರಡೂ ಒಂದೇ ಫೈಲಿನಲ್ಲಿ ಇರಬಾರದು.

ವರ್ಷನ್ ಕಡೆ ಅಷ್ಟೇನೂ ಕಷ್ಟವಿಲ್ಲ. ನೋಡ್, ಪೈಥಾನ್, ಜಾವಾ ಯಾವ ವರ್ಷನ್ ಬೇಕು ಅನ್ನುವುದನ್ನು ಒಂದು ಚಿಕ್ಕ ಫೈಲಿನಲ್ಲಿ ಬರೆದು ಗಿಟ್ ರೆಪೊಗೆ, ಅಂದರೆ ಪ್ರಾಜೆಕ್ಟಿನ ಕೋಡ್ ಇಡುವ ಜಾಗಕ್ಕೆ, ಹಾಕಿದ್ದೇವೆ. ಆ ಫೋಲ್ಡರಿಗೆ ಹೋದರೆ ಸಾಕು, ವರ್ಷನ್ ಮ್ಯಾನೇಜರ್ ಸರಿಯಾದದ್ದನ್ನು ಕೊಡುತ್ತದೆ. ನೋಡ್ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ಟೂಲ್ ಎನ್‌ಪಿಎಂ. ಬಿಲ್ಡ್ ಸರ್ವರ್‌ನಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಓಡಿಸುತ್ತೇನೆ. ಪ್ಯಾಕೇಜ್ ಫೈಲಿಗೂ ಲಾಕ್ ಫೈಲಿಗೂ (ಪ್ರತಿ ಪ್ಯಾಕೇಜಿನ ನಿಖರ ವರ್ಷನ್ ಬರೆದಿಟ್ಟ ಪಟ್ಟಿ) ತಾಳೆ ಆಗದಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ, ಲಾಕ್ ಫೈಲನ್ನು ಸುಮ್ನೆ ತಿದ್ದಿಕೊಂಡು ಮುಂದೆ ಹೋಗುವುದಿಲ್ಲ.

ತಲೆ ತಿನ್ನುವುದು ಪ್ರಾಕ್ಸಿ, ಅಂದರೆ ಹೊರಗೆ ಹೋಗುವ ರಿಕ್ವೆಸ್ಟ್‌ಗಳನ್ನು ಮಧ್ಯೆ ನಿಂತು ದಾಟಿಸುವ ಸರ್ವರ್. ಅದರ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಮ್‌ಗಳು ಓದಿಕೊಳ್ಳುವ ಹೆಸರಿಟ್ಟ ಸೆಟ್ಟಿಂಗ್) ಒಂದು ಸಲ ಹಾಕಿದರೆ ಎಲ್ಲ ಟೂಲ್‌ಗಳೂ ಓದಿಕೊಳ್ಳಬೇಕು ಅಲ್ವಾ? ಹಾಗಾಗುವುದಿಲ್ಲ. ಎಚ್‌ಟಿಟಿಪಿ ಪ್ರಾಕ್ಸಿ ವೇರಿಯಬಲ್‌ನ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿದ್ದರೆ ಮಾತ್ರ ಕರ್ಲ್ (ಟರ್ಮಿನಲ್‌ನಿಂದ ವೆಬ್ ವಿಳಾಸಗಳಿಗೆ ರಿಕ್ವೆಸ್ಟ್ ಕಳಿಸುವ ಟೂಲ್) ಒಪ್ಪುತ್ತದೆ. ಅದಕ್ಕೆ ಒಳ್ಳೆಯ ಕಾರಣವೇ ಇದೆ. ಸಿಜಿಐ ಪ್ರೋಗ್ರಾಮಿಗೆ (ವೆಬ್ ಸರ್ವರ್ ತನ್ನ ಪರವಾಗಿ ಓಡಿಸುವ ಪ್ರೋಗ್ರಾಮ್) ಹೊರಗಿನವರು 'ಪ್ರಾಕ್ಸಿ' ಅನ್ನುವ ಹೆಡರ್ ಕಳಿಸಿದರೆ, ಅದು ದೊಡ್ಡ ಅಕ್ಷರದ ಅದೇ ವೇರಿಯಬಲ್ ಆಗಿ ಒಳಗೆ ಬಂದು ಕೂರುತ್ತದೆ. 2016ರಲ್ಲಿ 'ಎಚ್‌ಟಿಟಿಪಾಕ್ಸಿ' ಹೆಸರಿನಲ್ಲಿ ಸುದ್ದಿಯಾದ ದೋಷ ಇದೇ. ಜಾವಾ ಸಾಮಾನ್ಯವಾಗಿ ಈ ವೇರಿಯಬಲ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ, ಅದನ್ನು ಓಡಿಸುವ ಜೆವಿಎಂಗೇ ಆಪ್ಷನ್ ಕೊಡಬೇಕು. ಡಾಕರ್‌ನಲ್ಲಿ ಇಮೇಜ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರ ಜೊತೆ ಕಟ್ಟಿಟ್ಟ ಪೊಟ್ಟಣ) ಇಳಿಸಿಕೊಳ್ಳುವುದು ಹಿಂದೆ ಓಡುತ್ತಿರುವ ಡೀಮನ್. ಟರ್ಮಿನಲ್‌ನಲ್ಲಿ ಹಾಕಿದ್ದು ಅದಕ್ಕೆ ಮುಟ್ಟುವುದಿಲ್ಲ.

ಅದಕ್ಕೇ ಪ್ರತಿ ಮಷೀನಿನಲ್ಲೂ ಒಂದು ಸ್ಕ್ರಿಪ್ಟ್ ಇಟ್ಟಿದ್ದೇನೆ. ಪ್ರಾಕ್ಸಿ ವಿಳಾಸ ಒಂದು ಕಡೆ ಕೊಟ್ಟರೆ ಶೆಲ್, ಗಿಟ್, ಜಾವಾ, ಡಾಕರ್ ಎಲ್ಲಕ್ಕೂ ಅವರವರ ರೀತಿಯಲ್ಲಿ ಬರೆದುಕೊಡುತ್ತದೆ. ಲೋಕಲ್‌ಹೋಸ್ಟ್ ಮತ್ತು 127.0.0.1 ಯಾವಾಗಲೂ ಪ್ರಾಕ್ಸಿಯಿಂದ ಹೊರಗೆ. ಇಲ್ಲದಿದ್ದರೆ ಡೆವಲಪರ್ ತನ್ನದೇ ಮಷೀನಿನ ಸರ್ವರ್‌ಗೆ ಕಳಿಸಿದ ರಿಕ್ವೆಸ್ಟ್ ಪ್ರಾಕ್ಸಿಗೆ ಹೋಗಿ ಅಲ್ಲೇ ಸಾಯುತ್ತದೆ.

ಇಷ್ಟಾದರೂ ನೆಟ್‌ವರ್ಕ್ ಸೆಟ್ಟಿಂಗ್ ರೆಪೊದೊಳಗೆ ನುಸುಳುವ ಒಂದು ಕಿಂಡಿ ಇದೆ: ಎನ್‌ಪಿಎಂ ಲಾಕ್ ಫೈಲ್. ಪ್ಯಾಕೇಜ್ ಎಲ್ಲಿಂದ ಬಂತೋ ಆ ವಿಳಾಸ ಅದರಲ್ಲಿ 'ರಿಸಾಲ್ವ್ಡ್' ಸಾಲಿನಲ್ಲಿ ಕೂರುತ್ತದೆ. ಯಾರೋ ಕಂಪನಿಯೊಳಗಿನ ಮಿರರ್‌ನಿಂದ (ಪ್ಯಾಕೇಜ್‌ಗಳ ಸ್ಥಳೀಯ ನಕಲು ಇಟ್ಟ ಸರ್ವರ್) ಇನ್‌ಸ್ಟಾಲ್ ಮಾಡಿ ಕಮಿಟ್ ಮಾಡಿದರೆ, ಆ ಮಿರರ್ ಸಿಗದ ಕಡೆ ಇನ್‌ಸ್ಟಾಲ್ ನೇತಾಡುತ್ತದೆ. ಎನ್‌ಪಿಎಂ ತಾನಾಗಿ ಆ ಮಷೀನಿನ ಸೆಟ್ಟಿಂಗ್‌ಗೆ ತಕ್ಕಂತೆ ಬದಲಿಸಿಕೊಳ್ಳುವುದು ಸಾರ್ವಜನಿಕ ರಿಜಿಸ್ಟ್ರಿಯ (ಎಲ್ಲರೂ ಪ್ಯಾಕೇಜ್ ಇಳಿಸಿಕೊಳ್ಳುವ ಸರ್ವರ್) ವಿಳಾಸವನ್ನು ಮಾತ್ರ. 'ರಿಪ್ಲೇಸ್-ರಿಜಿಸ್ಟ್ರಿ-ಹೋಸ್ಟ್' ಅನ್ನುವ ಸೆಟ್ಟಿಂಗನ್ನು 'ಆಲ್ವೇಸ್' ಮಾಡಿದರೆ ಉಳಿದ ವಿಳಾಸಗಳನ್ನೂ ಬದಲಿಸುತ್ತದೆ. ಅದನ್ನು ಎಲ್ಲ ಮಷೀನಿನಲ್ಲೂ ಹಾಕಿದ್ದೇನೆ. ಜೊತೆಗೆ, ಲಾಕ್ ಫೈಲಿನಲ್ಲಿ ಮಿರರ್ ಹೆಸರು ಕಂಡರೆ ಮರ್ಜ್ ಆಗದಂತೆ ಬಿಲ್ಡ್‌ನಲ್ಲಿ ಒಂದು ಚೆಕ್ ಕೂಡ ಇದೆ.