ತಡವಾಗಿ ಮಾತು ಕಲಿಯುವ ಮಗುವಿನ ಹೊಸ ಪದಕ್ಕೆ ಖುಷಿಪಡೋದು ಹೇಗೆ?

ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ಎರಡು ತುಂಬಿದಾಗ 'ಅಮ್ಮ', 'ಅಂಬಾ' ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ನೀರಿಗೆ 'ನೀಯಿ' ಅಂತಾಳೆ, ಬಾಳೆಹಣ್ಣಿಗೆ 'ಬಾಯೆ'. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ 'ಬೂವ ಬೇಡ' ಅಂದಳು. ಎರಡು ಪದ ಜೋಡಿಸಿದ್ದು ಅದೇ ಮೊದಲು! ನಿಮ್ಮ ಮನೆಯಲ್ಲೂ ಇಂಥ ದಿನ ಬಂದಾಗ ಏನು ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಚಪ್ಪಾಳೆ ಆಮೇಲೆ. ಮೊದಲು ಆ ಮಾತಿನಿಂದ ಮಗುವಿನ ಕೆಲಸ ಆಗಲಿ. 'ನೀಯಿ' ಅಂದ ಕೂಡಲೇ ಲೋಟ ಕೈಗೆ ಬರಬೇಕು. 'ನೀಯಿ ಅಲ್ಲ, ನೀರು ಅನ್ನು' ಅಂತ ತಿದ್ದೋದು ಬೇಡ. 'ನೀರು ಬೇಕಾ? ತಗೋ, ತಣ್ಣನೆ ನೀರು' ಅಂತ ನಾವೇ ಸರಿಯಾಗಿ ಹೇಳಿ, ಜೊತೆಗೆ ಒಂದು ಪದ ಸೇರಿಸಿದರೆ ಸಾಕು. 'ಬೇಡ' ಅಂದರೂ ಹಾಗೇ. ಅವತ್ತು ನಾನು 'ಬೂವ ಬೇಡ್ವಾ? ಸರಿ' ಅಂದು ತಟ್ಟೆ ಪಕ್ಕಕ್ಕಿಟ್ಟೆ. ಅತ್ತೆ ಇನ್ನೊಂದು ತುತ್ತು ಕಲಸಿಕೊಂಡಿದ್ದವರು ಕೈ ತಡೆದರು. ಮಗಳು ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ನಕ್ಕಳು. ತಾನು ಆಡಿದ ಮಾತು ನಡೆಯುತ್ತೆ ಅಂತ ಗೊತ್ತಾದರೆ ಮಗುವಿಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಮನೆಗೆ ಬಂದವರ ಮುಂದೆ 'ಎಲ್ಲಿ, ಅಜ್ಜಿಗೆ ಹೇಳಿ ತೋರಿಸು' ಅನ್ನಬೇಡಿ. ಎಷ್ಟೋ ಮಕ್ಕಳು ಅಲ್ಲೇ ಬಾಯಿ ಮುಚ್ಚಿಬಿಡುತ್ತಾರೆ. ನಮ್ಮಮ್ಮ ಈಗ ವಿಡಿಯೋ ಕಾಲ್‌ನಲ್ಲಿ ಕೊಟ್ಟಿಗೆಯ ಹಸು ತೋರಿಸಿ ಸುಮ್ನೆ ಕಾಯುತ್ತಾರೆ. ಮನಸ್ಸಲ್ಲೇ ಐದು ಎಣಿಸುವಷ್ಟು ಹೊತ್ತು. 'ಅಂಬಾ' ತಾನಾಗಿ ಬರುತ್ತೆ. ಆಮೇಲೆ ದೃಷ್ಟಿಯಾಗುತ್ತೆ ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಲಿ, ಅದು ಅವರ ಸಂತೋಷ.

ಒಂದು ಪುಸ್ತಕ ಇಡಿ. ತಾರೀಖು, ಪದ, ಯಾವಾಗ ಅಂದಳು, ಏನು ಬೇಕಿತ್ತು, ಅಷ್ಟೇ ಬರೆಯಿರಿ. ಉಚ್ಚಾರಣೆ ಸರಿ ಇಲ್ಲದಿದ್ದರೂ ಒಂದೇ ವಸ್ತುವಿಗೆ ಪ್ರತಿ ಸಲ ಅದೇ ಸದ್ದು ಬಂದರೆ ಅದೂ ಪದವೇ. 'ಬೌ ಬೌ', 'ಕಾ ಕಾ' ಕೂಡ ಲೆಕ್ಕಕ್ಕೆ. ಮನೆಯಲ್ಲಿ ತುಳುವೋ ಉರ್ದುವೋ ಇದ್ದರೆ ಆ ಪದಗಳನ್ನೂ ಸೇರಿಸಿ. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತೆ ಅನ್ನೋದು ನಿಜವಲ್ಲ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವ ಮನಸ್ಸಾದಾಗ ಹೋದ ತಿಂಗಳ ಪುಟ ತೆಗೆದು ನೋಡಿ.

ಖುಷಿ ಅಂತ ತಪಾಸಣೆ ಮಾತ್ರ ಮುಂದೂಡಬೇಡಿ. 'ಅವರಪ್ಪನೂ ತಡವಾಗೇ ಮಾತಾಡಿದ್ದು' ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಅಲ್ವಾ? ಒಂದೂವರೆ ವರ್ಷಕ್ಕೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮೊದಲು ಕಿವಿ ಪರೀಕ್ಷೆ ಆಗಲಿ. ಕರೆದರೆ ತಿರುಗಿ ನೋಡುವ ಮಗುವಿಗೂ ಕೆಲವು ಸದ್ದು ಸರಿಯಾಗಿ ಕೇಳಿಸದಿರಬಹುದು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಕಿವಿ, ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ. ಬಂದ ಪದಗಳು ಮಾಯವಾಗುತ್ತಿದ್ದರಂತೂ ವಯಸ್ಸು ಎಷ್ಟೇ ಇರಲಿ, ತಡ ಮಾಡಬೇಡಿ.

ಮಾತು ಕಲಿಸುವ ಥೆರಪಿಗೆ ಹೋಗುವಾಗ ಪದ ಬರೆದಿಟ್ಟ ಆ ಪುಸ್ತಕ ಜೊತೆಗಿರಲಿ. ಮುಂದೆ ಯಾವ ಪದ ಕಲಿಸಬೇಕು ಅಂತ ಥೆರಪಿಸ್ಟ್ ಅದನ್ನು ನೋಡೇ ಹೇಳುತ್ತಾರೆ. ನಮಗೀಗ ಕೊಟ್ಟಿರುವುದು 'ಇನ್ನೂ' ಅನ್ನೋ ಪದ. ಅದಕ್ಕೇ ಬಾಳೆಹಣ್ಣನ್ನು ಪೂರ್ತಿ ಕೈಗೆ ಕೊಡದೆ ಚಿಕ್ಕ ಚಿಕ್ಕ ತುಂಡು ಮಾಡಿ ಒಂದೊಂದಾಗಿ ಕೊಡುತ್ತೇವೆ, ಕೇಳೋಕೆ ಅವಕಾಶ ಜಾಸ್ತಿ ಸಿಗಲಿ ಅಂತ.